ದೊಡ್ಡಪ್ಪನ ಹಳೇ ಸ್ಪೀಕರ್: ಒಂದು ವೂಫರ್ ಕರಕರ, ಇನ್ನೊಂದು ಮೌನ

ಪ್ರಶ್ನೆ (ಕುಂದಾಪುರ): ನಮಸ್ಕಾರ ಸರ್. ದೊಡ್ಡಪ್ಪ 1986ರಲ್ಲಿ ಮಸ್ಕತ್‌ನಿಂದ ತಂದಿದ್ದ ಜಪಾನಿ ಸ್ಪೀಕರ್ ಜೋಡಿ ನಮ್ಮಲ್ಲಿದೆ. 10 ಇಂಚಿನ ವೂಫರ್ (ಬೇಸ್ ಸದ್ದು ಕೊಡುವ ದೊಡ್ಡ ಭಾಗ), 8 ಓಮ್. ಹನ್ನೆರಡು ವರ್ಷ ಅಟ್ಟದಲ್ಲಿತ್ತು. ಮೊನ್ನೆ ಇಳಿಸಿ ಹಳೇ ಆಂಪ್ಲಿಫೈಯರ್‌ಗೇ ಹಾಕಿದೆ. ಬಲಗಡೆಯದು ಸ್ವಲ್ಪ ಜೋರು ಮಾಡಿದರೂ ಕರಕರ ಅನ್ನುತ್ತದೆ. ಎಡಗಡೆಯದರಲ್ಲಿ ಹಾಡು ಕೇಳುತ್ತದೆ, ಆದರೆ ಬೇಸ್ ಇಲ್ಲವೇ ಇಲ್ಲ. ಇಲ್ಲಿನ ಅಂಗಡಿಯಲ್ಲಿ ಫೋಟೋ ನೋಡಿ "ಎರಡೂ ಹೋಗಿದೆ, ಹೊಸ ವೂಫರ್ ಹಾಕಿಬಿಡಿ" ಅಂದರು. ಹಾಕಿಸಲಾ?

ಉತ್ತರ (ಸ್ಪೀಕರ್ ರಿಪೇರಿ, ಬೆಂಗಳೂರು): ಹಾಕಿಸಬೇಡಿ. ಮೊದಲು ಹಾಡು ನಿಲ್ಲಿಸಿ. ಕರಕರ ಅನ್ನುತ್ತಿರುವ ವೂಫರ್ ಅನ್ನು "ನೋಡೋಣ" ಅಂತ ಆಡಿಸುತ್ತಾ ಹೋದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ.

ಜಾಲಿ ತೆಗೆದು, ಸದ್ದು ಮಾಡಲು ಅಲುಗುವ ಬಟ್ಟಲಿನಂಥ ಕೋನ್ ಸುತ್ತಲಿನ ಬಳೆಯಂಥ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಆ ಕಾಲದ ಎಷ್ಟೋ ಸ್ಪೀಕರ್‌ಗಳಲ್ಲಿ ಅದು ಫೋಮ್. ಗಾಳಿ, ತೇವ ತಾಗಿ 15–20 ವರ್ಷದಲ್ಲಿ ತಾನಾಗಿ ಕೊಳೆಯುತ್ತದೆ. ಆಡಿಸದೆ ಜೋಪಾನವಾಗಿ ಇಟ್ಟರೂ ಅಷ್ಟೇ. ಕರಾವಳಿಯ ಮಳೆಗಾಲದಲ್ಲಿ ಇನ್ನೂ ಬೇಗ. ಮುಟ್ಟಿದರೆ ಅಂಟಂಟಾಗಿ ಪುಡಿಯಾಯಿತು ಅಂದರೆ ಫೋಮ್ ಮುಗಿದಿದೆ. ರಬ್ಬರ್ ಅಥವಾ ಬಟ್ಟೆಯ ಅಂಚಾದರೆ ಹೀಗಾಗುವುದಿಲ್ಲ.

ಈಗ ಎರಡೂ ಕೈಯ ಬೆರಳುಗಳನ್ನು ಕೋನ್ ಮೇಲೆ ಸಮವಾಗಿ ಇಟ್ಟು, ನೇರವಾಗಿ ಒಂದೈದು ಮಿಲಿಮೀಟರ್ ಒತ್ತಿ ಬಿಡಿ. ಕಿವಿ ಹತ್ತಿರ ಇಡಿ. ಸದ್ದಿಲ್ಲದೆ ಹೋಗಿ ಬಂದರೆ ಕೋನ್ ಹಿಂದಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಎಲ್ಲೂ ಉಜ್ಜುತ್ತಿಲ್ಲ. ಉಜ್ಜಿದ ಸದ್ದು ಬಂದರೆ ಯಾವ ಬದಿಗೆ ಒತ್ತಿದಾಗ ಬರುತ್ತದೆ ನೋಡಿ. ಕಾಯಿಲ್‌ಗೂ ಮ್ಯಾಗ್ನೆಟ್‌ನ ಕಬ್ಬಿಣಕ್ಕೂ ನಡುವೆ ಒಂದು ಮಿಲಿಮೀಟರ್ ಜಾಗವೂ ಇರುವುದಿಲ್ಲ. ಕೋನನ್ನು ನಡುವಿನಲ್ಲಿ ಹಿಡಿಯುವ ಅಂಚೇ ಹೋದರೆ ಕಾಯಿಲ್ ಓರೆಯಾಗಿ ಉಜ್ಜುತ್ತದೆ. ತಂತಿಯ ಮೇಲಿನ ವಾರ್ನಿಷ್ ಕಿತ್ತು ಬರುತ್ತದೆ. ಆಮೇಲೆ ಫೋಮ್ ಬದಲಿಸಿ ಉಪಯೋಗವಿಲ್ಲ.

ಎಡಗಡೆಯದಕ್ಕೆ ಮಲ್ಟಿಮೀಟರ್ ಬೇಕು. ವೂಫರ್ ವೈರ್ ಬಿಚ್ಚಿ ಓಮ್ ನೋಡಿ. 8 ಓಮ್ ವೂಫರ್ ಮೀಟರಿನಲ್ಲಿ ಸುಮಾರು 6 ತೋರಿಸುತ್ತದೆ, ಅದು ಸರಿ. ಏನೂ ತೋರಿಸದಿದ್ದರೆ ತಕ್ಷಣ ಕಾಯಿಲ್ ಸುಟ್ಟಿದೆ ಅನ್ನಬೇಡಿ. ಕೋನ್‌ಗೆ ಹೋಗುವ ಹೆಣೆದ ತಂತಿ ತುಂಡಾಗಿರಬಹುದು, ಬೆಸುಗೆ ಹಸಿರುಗಟ್ಟಿರಬಹುದು. ಅಂದಹಾಗೆ, ಎಡ ಬಲದ ಸ್ಪೀಕರ್ ವೈರ್ ಅದಲು ಬದಲು ಮಾಡಿ ನೋಡಿದ್ದೀರಾ? ಇದನ್ನು ನಾನು ಮೊದಲೇ ಕೇಳಬೇಕಿತ್ತು.

ಕುಂದಾಪುರ: ಎಡಗಡೆಯ ಪೆಟ್ಟಿಗೆಯನ್ನು ಮಾತ್ರ ಬಲಗಡೆಯ ವೈರ್‌ಗೆ ಹಾಕಿ ನೋಡಿದ್ದೆ ಸರ್, ಆಗಲೂ ಅದರಲ್ಲಿ ಬೇಸ್ ಇಲ್ಲ. ಬಲಗಡೆಯ ಫೋಮ್ ಮುಟ್ಟಿದ ಕೂಡಲೇ ಉದುರಿತು. ನೇರ ಒತ್ತಿದರೆ ಸದ್ದಿಲ್ಲ, ಕೆಳಬದಿಗೆ ಒತ್ತಿದರೆ ಚೂರು ಉಜ್ಜುತ್ತದೆ. ಎಡಗಡೆಯದಕ್ಕೆ ಮೀಟರ್ ಏನೂ ತೋರಿಸುತ್ತಿಲ್ಲ. ಹೆಣೆದ ತಂತಿ, ಬೆಸುಗೆ ಸರಿ ಇದೆ. ಮೂಗು ಹತ್ತಿರ ಇಟ್ಟರೆ ಸುಟ್ಟ ವಾಸನೆ.

ಉತ್ತರ: ಬಲಗಡೆಯದು ಉಳಿಯಿತು, ಹೊಸ ಫೋಮ್ ಸಾಕು. ಎಡಗಡೆಯ ಕಾಯಿಲ್ ಸುಟ್ಟಿದೆ. ಸುಟ್ಟಿದ್ದು ಯಾರು ಅಂತ ಗೊತ್ತಾಗದೆ ರಿಪೇರಿಗೆ ದುಡ್ಡು ಹಾಕಬೇಡಿ. ನನ್ನ ಅನುಮಾನ ನಿಮ್ಮ ಆಂಪ್ಲಿಫೈಯರ್ ಮೇಲೆ.

ಅದರೊಳಗಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಸ್ಪೀಕರ್‌ಗೆ ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ನೇರ ಬರುತ್ತದೆ. ತೀಕ್ಷ್ಣ ಸ್ವರ ಹಾಡುವ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ದಾರಿಯಲ್ಲಿ ಕೆಪಾಸಿಟರ್ ಇರುವುದರಿಂದ ಡಿಸಿ ಅಲ್ಲೇ ನಿಲ್ಲುತ್ತದೆ. ವೂಫರ್ ದಾರಿಯಲ್ಲಿ ಇರುವುದು ಬರೀ ತಂತಿಯ ಸುರುಳಿ, ಡಿಸಿಗೆ ಅದು ತೆರೆದ ಬಾಗಿಲು. 30 ವೋಲ್ಟ್ ಬಂತು ಅಂದುಕೊಳ್ಳಿ. 6 ಓಮ್ ಕಾಯಿಲ್‌ನಲ್ಲಿ 150 ವಾಟ್ ಬರೀ ಬಿಸಿ! ಅದಕ್ಕೇ ನಿಮ್ಮದರಲ್ಲಿ ಟ್ವೀಟರ್ ಹಾಡುತ್ತಿದೆ, ವೂಫರ್ ಸತ್ತಿದೆ.

ಹೀಗೆ ನೋಡಿ. ಸ್ಪೀಕರ್ ಎರಡನ್ನೂ ಬಿಚ್ಚಿಡಿ. ವಾಲ್ಯೂಮ್ ಸೊನ್ನೆ. ಆಂಪ್ಲಿಫೈಯರ್ ಆನ್ ಮಾಡಿ ಹತ್ತು ನಿಮಿಷ ಬಿಡಿ. ಮೀಟರನ್ನು ಡಿಸಿಗೆ ಇಟ್ಟು ಸ್ಪೀಕರ್ ಟರ್ಮಿನಲ್‌ನಲ್ಲಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆ ಇಲ್ಲ. ವೋಲ್ಟ್ ಲೆಕ್ಕದಲ್ಲಿ ತೋರಿಸಿದರೆ ಅದಕ್ಕೆ ಯಾವ ಸ್ಪೀಕರ್ ಅನ್ನೂ ತಗುಲಿಸಬೇಡಿ. ಆನ್ ಮಾಡಿ ನಾಲ್ಕೈದು ಸೆಕೆಂಡಿಗೆ "ಟಕ್" ಅಂತ ರಿಲೇ ಸದ್ದು ಬರುವ ಆಂಪ್ಲಿಫೈಯರ್‌ಗಳಲ್ಲಿ ಇದಕ್ಕೆ ರಕ್ಷಣೆ ಇರುತ್ತದೆ. ಹಳೇದರಲ್ಲಿ ಎಲ್ಲದಕ್ಕೂ ಇರುವುದಿಲ್ಲ.

ನಾನೇ ಒಮ್ಮೆ ಪೆಟ್ಟು ತಿಂದಿದ್ದೇನೆ. ಎರಡು ದಿನ ಕೂತು ಒಂದು ವೂಫರ್‌ಗೆ ಹೊಸ ಕಾಯಿಲ್ ಹಾಕಿ, ಗಿರಾಕಿಯ ಮನೆಯಲ್ಲೇ ಜೋಡಿಸಿದೆ. ಆನ್ ಮಾಡಿದ ಕೂಡಲೇ ಕೋನ್ ಮುಂದಕ್ಕೆ ಹಾರಿ ಅಲ್ಲೇ ನಿಂತಿತು. ಗುಂಯ್ ಅಂತ ಸದ್ದು, ಆಮೇಲೆ ಹೊಗೆ. ಆಂಪ್ಲಿಫೈಯರ್ ಅಳೆದಿರಲಿಲ್ಲ. ಅವರು ಕೊಟ್ಟ ಕಾಫಿ ಕುಡಿಯುವುದಕ್ಕೂ ಮುಖ ಇರಲಿಲ್ಲ.

ಪ್ರಶ್ನೆ (ಹುಬ್ಬಳ್ಳಿ): ಮಧ್ಯೆ ಬಂದೆ, ಕ್ಷಮಿಸಿ. ನಾನು ಎಲ್‌ಪಿ ಹಾಕಿದಾಗ ವೂಫರ್ ಸುಮ್ನೆ ಒಳಗೆ ಹೊರಗೆ ಓಡಾಡುತ್ತದೆ, ಆ ಲೆಕ್ಕಕ್ಕೆ ಸದ್ದೇ ಇಲ್ಲ. ಸಿಡಿಯಲ್ಲಿ ಹೀಗಾಗುವುದಿಲ್ಲ. ತೊಂದರೆ ಇದೆಯಾ?

ಉತ್ತರ: ಇದೆ. ತಟ್ಟೆ ಸೊಟ್ಟಗಾಗಿದ್ದರೆ ಪ್ರತಿ ಸುತ್ತಿಗೂ ಮುಳ್ಳು ಏರಿ ಇಳಿಯುತ್ತದೆ. 33⅓ ವೇಗದಲ್ಲಿ 1.8 ಸೆಕೆಂಡಿಗೆ ಒಂದು ಸುತ್ತು. ಅಷ್ಟು ನಿಧಾನದ್ದು ಕಿವಿಗೆ ಕೇಳದು, ಆದರೆ ಕೋನ್ ಕುಣಿಯುತ್ತದೆ. ನಿಮ್ಮ ಬಾಕ್ಸಿನಲ್ಲಿ ಗಾಳಿಯ ತೂತು ಇದೆಯಾ? ಇದ್ದರೆ ಅಷ್ಟು ಕೆಳಗಿನ ಕಂಪನದಲ್ಲಿ ಒಳಗಿನ ಗಾಳಿ ಕೋನನ್ನು ಹಿಡಿಯುವುದೇ ಇಲ್ಲ. ಆಂಪ್ಲಿಫೈಯರ್‌ನಲ್ಲಿ ಸಬ್‌ಸಾನಿಕ್ ಅಥವಾ ಲೋ ಫಿಲ್ಟರ್ ಬಟನ್ ಇದ್ದರೆ ಒತ್ತಿ. ಲೌಡ್‌ನೆಸ್ ತೆಗೆಯಿರಿ, ಬೇಸ್ ನಡುವಿಗೆ ತನ್ನಿ. ಟರ್ನ್‌ಟೇಬಲ್ ಸ್ಪೀಕರ್ ಮೇಲಿದ್ದರೆ ಇವತ್ತೇ ಇಳಿಸಿ.

ತೂತಿಲ್ಲದ ಮುಚ್ಚಿದ ಬಾಕ್ಸಿನಲ್ಲಿ ಗಾಳಿಯೇ ಸ್ಪ್ರಿಂಗ್. ಅಮೆರಿಕದ ಸಂಶೋಧಕ ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಸ್ಪೀಕರ್ ಮಾಡಿದ್ದು ಇದೇ ಉಪಾಯದ ಮೇಲೆ. ಅಂಥದ್ದನ್ನು ಬಿಚ್ಚಿದರೆ ಗ್ಯಾಸ್ಕೆಟ್ ಸರಿಯಾಗಿ ಕೂರಿಸಬೇಕು. ಗಾಳಿ ಸೋರಿದರೆ ಸ್ಪ್ರಿಂಗ್ ಸಡಿಲಾದ ಹಾಗೆ.

ಪ್ರಶ್ನೆ (ಮೈಸೂರು): ವೂಫರ್ ಬದುಕಿದೆಯಾ ನೋಡಲು ಬ್ಯಾಟರಿ ಮುಟ್ಟಿಸಬಹುದಾ?

ಉತ್ತರ: 1.5 ವೋಲ್ಟಿನ ಪೆನ್ಸಿಲ್ ಸೆಲ್, ಅದೂ ಕ್ಷಣ ಮಾತ್ರ. 9 ವೋಲ್ಟ್ ಬೇಡ. ಪ್ಲಸ್ ಅನ್ನು ಕೆಂಪಿಗೆ ಮುಟ್ಟಿಸಿದರೆ ಕೋನ್ ಹೊರಗೆ ಬರಬೇಕು. ಜೆಬಿಎಲ್ ಕಂಪನಿಯ ಹಳೇ ಸ್ಪೀಕರ್‌ಗಳಲ್ಲಿ ಉಲ್ಟಾ, ಒಳಗೆ ಹೋಗುತ್ತದೆ. ಅದು ಕೆಟ್ಟಿದ್ದಲ್ಲ, ಅವರು ಮಾಡುತ್ತಿದ್ದ ರೀತಿಯೇ ಹಾಗೆ.

ಕುಂದಾಪುರ: ಸರ್, ಆಂಪ್ಲಿಫೈಯರ್ ಅಳೆದೆ. ಬಲಕ್ಕೆ 18 ಮಿಲಿವೋಲ್ಟ್. ಎಡಕ್ಕೆ 27 ವೋಲ್ಟ್! ಒಂದು ಡೌಟು, ಹೊಸ ವೂಫರ್ ಯಾಕೆ ಬೇಡ? ಬಲಗಡೆಯ ಫೋಮ್ ನಾನೇ ಅಂಟಿಸಬಹುದಾ?

ಉತ್ತರ: ಸಿಕ್ಕಿತಲ್ಲ. ಆಂಪ್ಲಿಫೈಯರ್ ಮೊದಲು ರಿಪೇರಿಗೆ ಹೋಗಲಿ.

ಹೊಸದು ಯಾಕೆ ಬೇಡ ಅಂದರೆ, ಆ ಬಾಕ್ಸ್, ಕ್ರಾಸ್‌ಓವರ್ (ಸದ್ದನ್ನು ವೂಫರ್, ಟ್ವೀಟರ್‌ಗೆ ಹಂಚುವ ಭಾಗ) ಎಲ್ಲ ಆ ವೂಫರ್‌ಗೇ ಅಳತೆ ಮಾಡಿದ್ದು. ಸಿಗುವುದು ಸಾಮಾನ್ಯವಾಗಿ 4 ಓಮಿನ ಕಾರ್ ವೂಫರ್. ಬೇಸ್ ಬದಲಾಗುತ್ತದೆ, ಆಂಪ್ಲಿಫೈಯರ್ ಮೇಲೂ ಭಾರ. ಹಳೇ ಕಾಯಿಲ್‌ನಷ್ಟೇ ಅಗಲ, ಅಷ್ಟೇ ದಪ್ಪದ ತಂತಿ, ಅಷ್ಟೇ ಸುತ್ತು ಹಾಕಿಸಿದರೆ ಸಾಕು. ಸುಟ್ಟ ಕಾಯಿಲ್ ಎಸೆಯಲು ಬಿಡಬೇಡಿ, ಅಳತೆಗೆ ಅದೇ ಬೇಕು.

ಫೋಮ್ ನೀವೇ ಅಂಟಿಸಬಹುದು, ಅವಸರ ಮಾಡದಿದ್ದರೆ. "10 ಇಂಚು" ಅಂತ ಹೇಳಿ ತರಬೇಡಿ, ಕೋನ್‌ನ ಅಗಲ ಮತ್ತು ಫ್ರೇಮಿನ ಅಗಲ ಅಳೆದು ತನ್ನಿ. ಹಳೇ ಗೋಂದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ ಕೆರೆಯಿರಿ. ಪೇಪರ್ ಕೋನ್ ಆದರೆ ಮರಕ್ಕೆ ಬಳಸುವ ಬಿಳಿ ಗೋಂದು ಒಳ್ಳೆಯದು, ನಿಧಾನ ಒಣಗುವುದರಿಂದ ಸರಿಪಡಿಸಲು ಸಮಯ ಸಿಗುತ್ತದೆ. ಸಿಲಿಕೋನ್ ಬೇಡವೇ ಬೇಡ. ಮೊದಲು ಕೋನ್‌ಗೆ ಅಂಟಿಸಿ ಒಣಗಿಸಿ, ಆಮೇಲೆ ಫ್ರೇಮಿಗೆ. ಫ್ರೇಮಿನ ಗೋಂದು ಹಸಿ ಇರುವಾಗ ಕೋನ್ ಒತ್ತಿ ಒತ್ತಿ ಉಜ್ಜುವ ಸದ್ದು ಹೋಗುವ ಹಾಗೆ ನಡುವಿಗೆ ತನ್ನಿ. ನಾವು ಅಂಗಡಿಯಲ್ಲಿ ಕೋನ್ ನಡುವಿನ ಮುಚ್ಚಳ (ಡಸ್ಟ್ ಕ್ಯಾಪ್) ತೆಗೆದು ಕಾಯಿಲ್ ಸುತ್ತ ಹಳೇ ಎಕ್ಸ್‌ರೇ ಫಿಲ್ಮಿನ ಪಟ್ಟಿ ಸಿಕ್ಕಿಸುತ್ತೇವೆ. ಒಂದು ದಿನ ಒಣಗಲಿ. ಎಡಗಡೆಯದಕ್ಕೂ ಅದೇ ಫೋಮ್ ಹಾಕಿಸಿ.

ಕುಂದಾಪುರ: ಎಡಗಡೆಯದನ್ನು ಬಸ್ಸಿನಲ್ಲಿ ನಿಮಗೇ ಕಳಿಸಲಾ ಸರ್? ದೊಡ್ಡಪ್ಪ ದಿನಾ ಕೇಳುತ್ತಾರೆ.

ಉತ್ತರ: ಕಳಿಸಿ. ಪೆಟ್ಟಿಗೆ ಬೇಡ, ವೂಫರ್ ಮಾತ್ರ. ಮ್ಯಾಗ್ನೆಟ್ ಕೆಳಗೆ ಬರುವಂತೆ, ಸುತ್ತ ಬಟ್ಟೆ ತುರುಕಿ, ಕೋನ್‌ಗೆ ತಾಗದ ಹಾಗೆ ಮೇಲೆ ದಪ್ಪ ರಟ್ಟು. ಬಿದ್ದ ಏಟಿಗೆ ಅಂಟು ಬಿಟ್ಟು ಮ್ಯಾಗ್ನೆಟ್ ಸರಿದರೆ ಕಾಯಿಲ್ ಇಡುವ ಜಾಗವೇ ಮುಚ್ಚಿಹೋಗುತ್ತದೆ. ಕಂಡಕ್ಟರಿಗೆ ಗಾಜಿನ ಸಾಮಾನು ಅಂತಲೇ ಹೇಳಿ.