20 ಕೋಟಿ ಜೀನ್ ಜೋಡಿ: ಮೊದಲೇ ಗೊತ್ತಿರುವ ಮಾಹಿತಿ ಬಳಸಿದವರು ಅನುಭವ ಹೇಳಿ

ಕೇಳಿದವರು: 30 ಮಾದರಿ, 20,000 ಜೀನ್‌ಗಳ ಆರ್‌ಎನ್‌ಎ ಡೇಟಾ ಇದೆ. ಯಾವ ಎರಡು ಜೀನ್‌ಗಳು ಒಟ್ಟಿಗೆ ಏರಿಳಿಯುತ್ತವೆ (ಸಹಸಂಬಂಧ) ಎಂದು ಹುಡುಕುತ್ತಿದ್ದೇನೆ, ಒಟ್ಟು ಸುಮಾರು 20 ಕೋಟಿ ಜೋಡಿ. ಬಾನ್‌ಫೆರೋನಿ (ಪರೀಕ್ಷೆಗಳ ಸಂಖ್ಯೆಗೆ ತಕ್ಕಂತೆ ಗೆರೆ ಬಿಗಿ ಮಾಡುವ ಕ್ರಮ) ಹಾಕಿದರೆ ರೈಬೋಸೋಮ್ ಜೀನ್‌ಗಳ ಜೋಡಿ ಬಿಟ್ಟು ಹೆಚ್ಚೇನೂ ಉಳಿಯುತ್ತಿಲ್ಲ. ಪಾಥ್‌ವೇ ಮಾಹಿತಿ (ಯಾವ ಜೀನ್‌ಗಳು ಒಂದೇ ಕೆಲಸದಲ್ಲಿ ಜೊತೆಯಾಗುತ್ತವೆ ಎಂಬ ಪಟ್ಟಿ) ಬಳಸಿ ನೋಡಿದವರು ಇದ್ದೀರಾ?

ಮೊದಲನೆಯವರು: ನಾನು ಅಂಥ ಪಟ್ಟಿಯಲ್ಲಿರುವ ಜೋಡಿಗಳಿಗೆ ಹೆಚ್ಚು ತೂಕ ಕೊಟ್ಟೆ. ಪಿ-ವ್ಯಾಲ್ಯೂವನ್ನು (ಸಂಬಂಧವೇ ಇಲ್ಲದಿದ್ದರೂ ಇಂಥ ಫಲ ಆಕಸ್ಮಿಕವಾಗಿ ಬರುವ ಸಂಭವ) ತೂಕದಿಂದ ಭಾಗಿಸಿ, ಆಮೇಲೆ ಬೆಂಜಮಿನಿ-ಹಾಕ್‌ಬರ್ಗ್ (ಆಯ್ದವುಗಳಲ್ಲಿ ಸುಳ್ಳಿನ ಪಾಲನ್ನು ಮಿತಿಯಲ್ಲಿಡುವ ಕ್ರಮ). 2006ರಲ್ಲಿ ಜೆನೊವೀಸ್, ರೋಡರ್, ವಾಸರ್‌ಮನ್ ತೋರಿಸಿದ ದಾರಿ. ತೂಕಗಳ ಸರಾಸರಿ 1 ಇರಬೇಕು. ನನ್ನ ಪಟ್ಟಿಯಲ್ಲಿ 1 ಲಕ್ಷ ಜೋಡಿ, ಒಂದೊಂದಕ್ಕೂ 100. ಉಳಿದವಕ್ಕೆ ಸುಮಾರು 0.95 ಬಂತು. ಅಂದರೆ ಪಟ್ಟಿ ಕೆಟ್ಟದಿದ್ದರೂ ನಷ್ಟ ಕಡಿಮೆ. ಆದರೆ ಲೇಖನದ ಪರಿಶೀಲಕರು ಬಿಡಲಿಲ್ಲ. 100 ಯಾಕೆ, 50 ಯಾಕಲ್ಲ ಎಂದರು. 10, 50, 200 ಎಲ್ಲಕ್ಕೂ ಮತ್ತೆ ಓಡಿಸಿದೆ. ಎಲ್ಲ ಜೋಡಿಗಳ ಪೂರ್ತಿ ಮ್ಯಾಟ್ರಿಕ್ಸ್ ಒಂದೇ 3.2 ಜಿಬಿ. ಸರ್ವರ್ ಸರದಿ ಕಾಯುವುದು, ಡಿಸ್ಕ್ ಖಾಲಿ ಮಾಡುವುದು, ಚಿತ್ರಗಳನ್ನೆಲ್ಲ ಮತ್ತೆ ಬರೆಯುವುದು. ಇವತ್ತು ಕೇಳಿದರೂ ಇದೇ ದಾರಿ ಹಿಡಿಯುತ್ತೇನೆ.

ಎರಡನೆಯವರು: ಪಟ್ಟಿ ಎಲ್ಲಿಂದ ಬಂತು ಅಂತ ಹೇಳಲೇ ಇಲ್ಲವಲ್ಲ! ನಮ್ಮ ಲ್ಯಾಬ್‌ನ ಹಳಬರು ಸ್ಟ್ರಿಂಗ್‌ನಲ್ಲಿ (ಪ್ರೋಟೀನ್ ಸಂಬಂಧಗಳ ಡೇಟಾಬೇಸ್) ಒಟ್ಟು ಅಂಕ 0.7 ದಾಟಿದ ಜೋಡಿಗಳನ್ನು ಕೊಟ್ಟುಹೋಗಿದ್ದರು. ಆ ಅಂಕದೊಳಗೆ ಕೋಎಕ್ಸ್‌ಪ್ರೆಶನ್ (ಜೀನ್‌ಗಳು ಒಟ್ಟಿಗೆ ಏರಿಳಿಯುವುದು) ಕೂಡ ಸೇರಿದೆ. ಸಹಸಂಬಂಧ ಹುಡುಕಲು ಸಹಸಂಬಂಧವೇ ಸಾಕ್ಷಿ! ಲೇಖನ ವಾಪಸ್ ಬಂತು. ಪ್ರಯೋಗದ ಅಂಕ ಮಾತ್ರ ಇಟ್ಟುಕೊಂಡಾಗ ಪಟ್ಟಿ ಸೊರಗಿತು, ವಿದ್ಯಾರ್ಥಿನಿಯ ಥೀಸಿಸ್ ತಡವಾಯಿತು. ಅಷ್ಟಾದರೂ ಉಳಿದದ್ದು ಟಿಪಿ53ಯಂಥ (ಕ್ಯಾನ್ಸರ್‌ಗೆ ಸಂಬಂಧಿಸಿದ) ಹೆಸರುವಾಸಿ ಜೀನ್‌ಗಳೇ. ಎಲ್ಲರೂ ಅದನ್ನೇ ಓದಿದ್ದಾರೆ, ಅದಕ್ಕೇ ಕೊಂಡಿ ಜಾಸ್ತಿ. ಯಾರೂ ಮುಟ್ಟದ ಜೀನ್ ಕಾಯುತ್ತಲೇ ಇರಬೇಕಾ?

ಮೊದಲನೆಯವರು: ನನ್ನದು ರಿಯಾಕ್ಟೋಮ್ (ಪಾಥ್‌ವೇಗಳ ಡೇಟಾಬೇಸ್) ಪಟ್ಟಿ, ಸ್ಟ್ರಿಂಗ್ ಅಲ್ಲ. ಕೇಳದೆ ಬೈಯಬೇಡಿ. 1 ಇದ್ದದ್ದು 0.95 ಆದರೆ ಗಟ್ಟಿ ಜೋಡಿ ಹೇಗೂ ದಾಟುತ್ತದೆ.

ಮೂರನೆಯವರು: ತೂಕದ ಜಗಳ ಆಮೇಲೆ. ಬ್ಯಾಚ್ (ಒಂದೇ ಕಂತಿನಲ್ಲಿ ಓಡಿಸಿದ ಮಾದರಿಗಳ ಗುಂಪು) ತರುವ ವ್ಯತ್ಯಾಸ ಸರಿಪಡಿಸಿದ್ದೀರಾ? ನಮ್ಮಲ್ಲಿ ಸೀಕ್ವೆನ್ಸಿಂಗ್ ಎರಡು ಕಂತಿನಲ್ಲಿ ಆಯಿತು. ಸಂಬಂಧವೇ ಇಲ್ಲದ ಜೀನ್‌ಗಳು ಒಟ್ಟಿಗೆ ಏರಿದವು, ಒಟ್ಟಿಗೆ ಇಳಿದವು. ಕೋಶಗಳ ಮಿಶ್ರಣವೂ ಹಾಗೇ. ಟಿ-ಕೋಶ ಜಾಸ್ತಿ ಇದ್ದ ಮಾದರಿಯಲ್ಲಿ ಅದರ ಜೀನ್‌ಗಳೆಲ್ಲ ಮೇಲೇಳುತ್ತವೆ. ಅವು ಪಾಥ್‌ವೇ ಪಟ್ಟಿಯಲ್ಲೂ ಒಟ್ಟಿಗೇ ಇರುತ್ತವೆ. ತೂಕ ಕೊಟ್ಟರೆ ಆ ಸುಳ್ಳಿಗೆ ಇನ್ನಷ್ಟು ಬಲ. ಪರ್ಮ್ಯುಟೇಶನ್ (ಪ್ರತಿ ಜೀನ್‌ನ ಮೌಲ್ಯಗಳನ್ನು ಮಾದರಿಗಳ ನಡುವೆ ಬೇರೆಬೇರೆಯಾಗಿ ಕಲಸಿ ಮತ್ತೆ ಲೆಕ್ಕ ಹಾಕುವುದು) ಮಾಡಿ ನೋಡಿ.

ಎರಡನೆಯವರು: ಸುಮ್ನೆ ಹೇಳುವುದು ಸುಲಭ. ಬಾನ್‌ಫೆರೋನಿ ಗೆರೆ (0.05 ಅನ್ನು 20 ಕೋಟಿಯಿಂದ ಭಾಗಿಸಿದ್ದು) ಮುಟ್ಟಲು ಕನಿಷ್ಠ 400 ಕೋಟಿ ಸಲ ಕಲಸಬೇಕು. ಸರ್ವರ್ ಬಿಲ್ ನೀವು ಕೊಡ್ತೀರಾ?

ಮೂರನೆಯವರು: ಜೋಡಿ ಜೋಡಿಗೂ ಯಾರು ಮಾಡು ಎಂದರು? ಪ್ರತಿ ಸಲ ಕಲಸಿದಾಗ ಎಲ್ಲ ಜೋಡಿಗಳಲ್ಲಿ ಅತಿ ದೊಡ್ಡ ಸಹಸಂಬಂಧ ಒಂದನ್ನೇ ಬರೆದಿಟ್ಟುಕೊಳ್ಳಿ. ವೆಸ್ಟ್‌ಫಾಲ್-ಯಂಗ್ ಕ್ರಮ ಅದೇ. 1,000 ಸಲ ಸಾಕು. ಕಲಸುವುದು ಮಾತ್ರ ಬ್ಯಾಚ್‌ನ ಒಳಗೇ ಆಗಬೇಕು.