ಪದಚರ್ಚೆ: ವಯಸ್ಸಾದವರ ‘ಫ್ರೇಲ್ಟಿ’ಗೆ ಕನ್ನಡದಲ್ಲಿ ಏನನ್ನೋಣ? (ದೌರ್ಬಲ್ಯ ಅಂತೂ ಬೇಡ)

ಎಲ್ಲರಿಗೂ ನಮಸ್ಕಾರ.

ಮೂರು ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ. ಅಣ್ಣನ ಮಗಳು ಫಿಸಿಯೋಥೆರಪಿಯಲ್ಲಿ ಮುಂದಿನ ಓದು ಓದುತ್ತಿದ್ದಾಳೆ. ಪ್ರಬಂಧಕ್ಕೆ ಅವಳು ಆರಿಸಿಕೊಂಡ ವಿಷಯ ವಯಸ್ಸಾದವರ ಫ್ರೇಲ್ಟಿ (frailty), ಅಂದರೆ ಸಣ್ಣ ಕಾಯಿಲೆಯ ಪೆಟ್ಟನ್ನೂ ತಡೆಯಲಾರದಷ್ಟು ಮೈ ಸೋತಿರುವ ಸ್ಥಿತಿ. ಕೊಡಗಿನ ನಾಪೋಕ್ಲು ಕಡೆ, ನಮ್ಮ ಊರಿನ ಸುತ್ತಮುತ್ತಲೇ ಮನೆ ಮನೆಗೆ ಹೋಗಿ 65 ದಾಟಿದವರನ್ನು ಮಾತಾಡಿಸಬೇಕು. ಪ್ರಶ್ನೆಗಳೆಲ್ಲ ಇಂಗ್ಲಿಷ್‌ನಲ್ಲಿ. ‘ಚಿಕ್ಕಪ್ಪಾ, ನೀವು ಕನ್ನಡ ಮೇಷ್ಟ್ರಾಗಿದ್ದವರು ತಾನೇ, ಒಂದು ಸಂಜೆ ಕೂತು ಕನ್ನಡ ಮಾಡಿಕೊಡಿ’ ಅಂದಳು. ಒಂದು ಸಂಜೆಯಂತೆ!

ನಿಘಂಟು ತೆಗೆದೆ. ದೌರ್ಬಲ್ಯ, ದುರ್ಬಲತೆ, ಬಲಹೀನತೆ, ನಿಶ್ಶಕ್ತಿ. ಜಾಸ್ತಿ ಯೋಚನೆ ಮಾಡದೆ ಮೊದಲನೆಯದನ್ನೇ ಹಿಡಿದು, ಹಾಳೆಯ ತಲೆಗೆ ‘ಹಿರಿಯರಲ್ಲಿ ದೌರ್ಬಲ್ಯ’ ಅಂತ ದಪ್ಪಕ್ಷರದಲ್ಲಿ ಹಾಕಿಕೊಟ್ಟೆ. ಎರಡನೇ ಮನೆಯಲ್ಲೇ ಎಡವಟ್ಟಾಯಿತು. ಆ ಮನೆಯ ಅಜ್ಜ ಕನ್ನಡಕ ಹಾಕಿಕೊಂಡು ಹಾಳೆ ಓದಿದರು, ನಾಲ್ಕು ಮಡಿಕೆ ಮಡಚಿದರು, ವಾಪಸ್ ಕೊಟ್ಟರು. ‘ನನಗೆ ಯಾವ ದೌರ್ಬಲ್ಯವೂ ಇಲ್ಲಮ್ಮ. ಕುಡಿಯೋದು ಬಿಟ್ಟು ಹನ್ನೆರಡು ವರ್ಷ ಆಯ್ತು. ಇಸ್ಪೀಟು ನಾನು ಮುಟ್ಟಿದವನೇ ಅಲ್ಲ.’ ಒಳಗಿನಿಂದ ಅಜ್ಜಿ ಜೋರಾಗಿ ಕೆಮ್ಮಿದರಂತೆ. ಅದು ಇಸ್ಪೀಟಿನ ಮಾತಿಗೋ ಏನೋ.

ಅಜ್ಜನ ಕಿವಿ ಸರಿಯಾಗೇ ಇದೆ, ಅಲ್ವಾ? ಆಡುಮಾತಿನಲ್ಲಿ ದೌರ್ಬಲ್ಯ ಅಂದರೆ ಚಟ, ಇಲ್ಲವೇ ಬಿಡಲಾಗದ ಆಸೆ. ‘ಸಿಹಿ ಅಂದ್ರೆ ನನ್ನ ದೌರ್ಬಲ್ಯ’ ಅಂತೀವಲ್ಲ, ಹಾಗೆ. ‘ದುರ್ಬಲ’ ಅಂದರೆ ನೇರವಾಗಿ ‘ದುರ್ಬಲ ವರ್ಗ’ಕ್ಕೆ ಹೋಗುತ್ತದೆ, ಅರ್ಜಿ, ಸಾಲ, ಸರ್ಕಾರದ ಮನೆ. ಬಲಹೀನತೆಯನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ, ಗೋಡೆ ಮೇಲಿನ ಜಾಹೀರಾತಿನಲ್ಲಿ ಬಿಟ್ಟು.

ಹಾಗಾದರೆ ಆ ಪದ ಹೇಳುವುದೇನು? ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ. ಅದು ಕಾಯಿಲೆಯ ಹೆಸರಲ್ಲ. ಬರೀ ವಯಸ್ಸೂ ಅಲ್ಲ. ಒಂದೇ ವಯಸ್ಸಿನ ಇಬ್ಬರು ಅಜ್ಜಂದಿರಿಗೆ ಒಂದೇ ಜ್ವರ ಬರುತ್ತದೆ ಅಂತಿಟ್ಟುಕೊಳ್ಳಿ. ಒಬ್ಬರು ವಾರದಲ್ಲಿ ಎದ್ದು ತೋಟಕ್ಕೆ ಹೋಗುತ್ತಾರೆ. ಇನ್ನೊಬ್ಬರು ಹಿಡಿದ ಮಂಚ ಬಿಡುವುದಿಲ್ಲ, ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಬೇಕು. ಜ್ವರ ಬರುವ ಮೊದಲೇ ಆ ಎರಡನೆಯವರ ಒಳಗಿನ ಗಂಟು ಕರಗಿತ್ತು, ಕಷ್ಟಕಾಲಕ್ಕೆ ಅಂತ ಇರಬೇಕಾದ ಉಳಿತಾಯ ಇರಲಿಲ್ಲ. ಆ ಸ್ಥಿತಿಗೆ ಹೆಸರು ಅದು.

ಅದನ್ನು ಅಳೆಯುವುದು ಹೇಗೆ ಅನ್ನುವುದರಲ್ಲಿ ಎರಡು ದಾರಿ ಇವೆಯಂತೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಜೊತೆಯವರು, 65 ದಾಟಿದ 5,317 ಜನರ ಮಾಹಿತಿ ಇಟ್ಟುಕೊಂಡು ಐದು ಗುರುತು ಹೇಳಿದರು. ಬೇಕಂತ ಅಲ್ಲದೆ ವರ್ಷದಲ್ಲಿ ನಾಲ್ಕೂವರೆ ಕೆಜಿಯಷ್ಟು ತೂಕ ಇಳಿಯುವುದು, ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಮ್ಮಿಯಾಗುವುದು. ಮೂರು ಇದ್ದರೆ ಫ್ರೇಲ್, ಒಂದೋ ಎರಡೋ ಇದ್ದರೆ ಅದರ ಹಿಂದಿನ ಮೆಟ್ಟಿಲು, ಪ್ರಿ-ಫ್ರೇಲ್. ಕೆನಡಾದ ಕೆನ್ನೆತ್ ರಾಕ್‌ವುಡ್ ಅವರದು ಬೇರೆ ಲೆಕ್ಕ. ಮೈಯಲ್ಲಿರುವ ಕುಂದುಗಳನ್ನು ಎಣಿಸು, ಒಟ್ಟು ನೋಡಿದ್ದರಿಂದ ಭಾಗಿಸು. 40 ವಿಷಯ ವಿಚಾರಿಸಿ 10ರಲ್ಲಿ ಕುಂದು ಕಂಡರೆ 0.25. ಈ ‘ಕುಂದು’ ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೇ ಬರುತ್ತೇನೆ.

ಎರಡನೇ ಸಲ ‘ನಿಶ್ಶಕ್ತಿ’ ಹಾಕಿದೆವು. ಇದು ಜನರ ಬಾಯಲ್ಲಿರುವ ಪದ, ಅನುಮಾನವಿಲ್ಲ. ಆದರೆ ನಿಶ್ಶಕ್ತಿ ಅಂದ ತಕ್ಷಣ ಎಲ್ಲರೂ ಕೇಳಿದ್ದು ಒಂದೇ, ‘ಟಾನಿಕ್ ತಂದಿದ್ದೀಯಾ ಮಗಳೇ?’ ಒಬ್ಬರು ತೋಳು ಮೇಲೆ ಮಾಡಿ ಗ್ಲೂಕೋಸ್ ಹಾಕಿಸಿಕೊಳ್ಳಲು ತಯಾರಾಗೇ ಕೂತರು. ನಮ್ಮಲ್ಲಿ ನಿಶ್ಶಕ್ತಿ ಬಂದು ಹೋಗುವಂಥದ್ದು, ಬಾಟಲಿಯಿಂದ ತುಂಬುವಂಥದ್ದು. ತಮಾಷೆ ಏನಂದರೆ ಅಧ್ಯಯನಗಳು ಹೇಳುವುದು ಇದಕ್ಕೆ ಉಲ್ಟಾ. 1994ರಲ್ಲಿ ಬಾಸ್ಟನ್‌ನ ಒಂದು ವೃದ್ಧಾಶ್ರಮದಲ್ಲಿ 72ರಿಂದ 98 ವಯಸ್ಸಿನ 100 ಜನರನ್ನು ಗುಂಪು ಮಾಡಿ, ಕೆಲವರಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ, ಕೆಲವರಿಗೆ ಪೌಷ್ಟಿಕ ಪಾನೀಯ, ಕೆಲವರಿಗೆ ಎರಡೂ ಕೊಟ್ಟು ನೋಡಿದರು. 10 ವಾರದಲ್ಲಿ ವ್ಯಾಯಾಮ ಮಾಡಿದವರ ಕಾಲಿನ ಬಲ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಬರೀ ಪಾನೀಯ ಕುಡಿದವರಲ್ಲಿ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅಂದರೆ ಟಾನಿಕ್ ನೆನಪಿಸುವ ಪದ ಇಟ್ಟರೆ ಹಾಳೆಯ ತಲೆಬರಹವೇ ತಪ್ಪು ಔಷಧಿ ಬರೆದುಕೊಟ್ಟಂತೆ.

ಆಮೇಲೆ ನನಗೆ ಭಾರಿ ಇಷ್ಟವಾದದ್ದು ‘ಸೊರಗು’. ಅಚ್ಚಗನ್ನಡ, ಕೇಳಿದರೇ ಚಿತ್ರ ಕಣ್ಣಿಗೆ ಬರುತ್ತದೆ. ‘ಅಜ್ಜಿ ತುಂಬಾ ಸೊರಗಿದ್ದಾರೆ’ ಅಂದರೆ ಬೇರೆ ವಿವರಣೆ ಬೇಡ. ಇದೇ ಅಂತ ತೀರ್ಮಾನ ಮಾಡಿ, ಪಕ್ಕದ ತೋಟದವರಿಗೆ ಹೆಮ್ಮೆಯಿಂದ ಹೇಳಿದೆ. ಅವರು ತಲೆ ಕೂಡ ಎತ್ತಲಿಲ್ಲ, ಬಳ್ಳಿ ಕಟ್ಟುತ್ತಲೇ ಇದ್ದರು. ‘ಸೊರಗು ಬಂದ ಮೇಲೆ ಏನು ಅಳೆಯೋದು ಮಾರಾಯ್ರೆ, ಕಿತ್ತು ಸುಡೋದೇ’ ಅಂದರು.

ಕೊಡಗಿನಲ್ಲಿ ಕರಿಮೆಣಸು ಬೆಳೆಯುವವರಿಗೆ ಸೊರಗು ಅಂದರೆ ಸೊರಗು ರೋಗ. ಮಳೆಗಾಲದಲ್ಲಿ ಬುಡಕ್ಕೋ ಬೇರಿಗೋ ಹತ್ತಿತು ಅಂದರೆ ಎಲೆ ಕಪ್ಪಾಗಿ ಉದುರಿ, ಗಂಟು ಗಂಟಾಗಿ ಕಳಚಿ, ಕೆಲವೇ ವಾರದಲ್ಲಿ ಇಡೀ ಬಳ್ಳಿ ಮರದ ಮೇಲೆ ಒಣಹಗ್ಗದ ಹಾಗೆ ಜೋತು ಬೀಳುತ್ತದೆ. ಮಳೆಗೆ ಮೊದಲೇ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಹೊಡೆದು ತಡೆಯಬಹುದು. ಬಂದ ಮೇಲೆ ಉಳಿಸುವುದು ಕಷ್ಟ. ಹೀಗೆ ಕಿತ್ತು ಸುಡುವುದನ್ನೇ ಕಂಡವರ ಮನೆಗೆ ಹೋಗಿ, ನಿಮ್ಮ ಅವ್ವನಿಗೆ ಸೊರಗು ಇದೆಯಾ ನೋಡ್ತೀವಿ ಅನ್ನೋದು ಹೇಗೆ? ಬಯಲುಸೀಮೆಯವರಿಗೆ ಈ ಪದ ಇಷ್ಟು ಚುಚ್ಚಲಾರದು, ಅವರು ಬಳಸಿಕೊಳ್ಳಲಿ.

ಇದು ಬರೀ ನಮ್ಮ ತಲೆನೋವಲ್ಲ. ಜಪಾನೀಯರಿಗೂ ಇದೇ ಆಗಿತ್ತು. ಅವರಲ್ಲಿ ಮೊದಲು ಬಳಕೆಯಲ್ಲಿದ್ದ ಪದ ‘ಕ್ಯೋಜಾಕು’. ಅದನ್ನು ಕೇಳಿದರೆ ಇನ್ನು ಮುಗಿಯಿತು, ಹಿಂದಕ್ಕೆ ಬರಲ್ಲ ಅನ್ನುವ ಭಾವ. ಸರಿಯಾದ ಊಟ, ವ್ಯಾಯಾಮ ಸಿಕ್ಕರೆ ಹಿಂದಕ್ಕೆ ಬರಬಹುದಾದ ಸ್ಥಿತಿಗೆ ಆ ಹೆಸರು ಬೇಡ ಅಂತ 2014ರಲ್ಲಿ ಅಲ್ಲಿಯ ವೃದ್ಧವೈದ್ಯರ ಸಂಘ ‘ಫುರೇಯಿರು’ ಅಂತ ಇಂಗ್ಲಿಷ್ ಪದವನ್ನೇ ತಮ್ಮ ನಾಲಿಗೆಗೆ ಹೊಂದಿಸಿಕೊಂಡಿತು.

ನಾವೂ ಹಾಗೇ ಮಾಡಬಹುದಾ? ಮಾಡಿ ನೋಡಿದೆವು. ನಮ್ಮ ಬಾಯಲ್ಲಿ ಫ್ರೇಲ್ ಹೋಗಿ ಫೇಲ್ ಆಗುತ್ತದೆ! ಒಬ್ಬ ಅಜ್ಜಿಯ ಮನೆಯ ಮುಂದೆ, ಕಾಫಿ ಒಣಗಿಸುವ ಕಣದಲ್ಲೇ ಕುರ್ಚಿ ಹಾಕಿ, ಕೈಹಿಡಿತ ಅಳೆಯುವ ಸಾಧನ ಕೊಟ್ಟಳು ಹುಡುಗಿ. ಅಜ್ಜಿ ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನ ಹಿಂಡಿದ್ರೆ ಏನು ಬರುತ್ತೆ?’ ಅಂತ ಕೇಳಿದರು. ತುಟಿ ಕಚ್ಚಿಕೊಂಡು ಹಿಂಡಿದರು. ಮುಳ್ಳು 14 ಕೆಜಿಗೆ ನಿಂತಿತು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಎಳೆದ ಗೆರೆ ಹೆಂಗಸರಿಗೆ 18, ಗಂಡಸರಿಗೆ 28. ‘ಪಾಸಾ ಫೇಲಾ?’ ಅಂದರು ಅಜ್ಜಿ. ಹುಡುಗಿ ಪುಸ್ತಕದಲ್ಲಿದ್ದ ಹಾಗೆ ಪ್ರಿ-ಫ್ರೇಲ್ ಅಂದಳು. ‘ಓ, ಫೇಲು’ ಅಂತ ಎದ್ದು, ಮೂಲೆಯಲ್ಲಿದ್ದ ತುಂಬಿದ ಬಿಂದಿಗೆ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದರು. ಅವತ್ತು ಮತ್ತೆ ಹೊರಗೆ ಬರಲಿಲ್ಲ.

ಈಗ ನಾನು ಬಂದು ನಿಂತಿರುವುದು ‘ತ್ರಾಣ’ದ ಹತ್ತಿರ. ‘ಮೈಯಲ್ಲಿ ತ್ರಾಣ ಇಲ್ಲ’ ಅಂತ ಓದಿದವರು, ಓದದವರು ಎಲ್ಲರೂ ಅನ್ನುತ್ತಾರೆ. ಸಂಸ್ಕೃತದಲ್ಲಿ ತ್ರಾಣ ಅಂದರೆ ಕಾಪಾಡುವುದು, ಕನ್ನಡಕ್ಕೆ ಬಂದು ಕಸುವು ಆಯಿತು. ಇಲ್ಲಿ ಎರಡು ಅರ್ಥವೂ ಬೇಕು ನಮಗೆ, ಜ್ವರವೋ ಬೀಳುವುದೋ ಬಂದಾಗ ಕಾಯುವ ಕಸುವು. ‘ನಿತ್ರಾಣ’ ಅಂದರೆ ಪೂರ್ತಿ ಇಲ್ಲ ಅಂತಾಗುತ್ತದೆ, ಅದು ಬೇಡ. ತ್ರಾಣ ಕುಂದಿದೆ ಅನ್ನಬಹುದು. ಕುಂದುವುದು ಅಂದರೆ ಮುಗಿಯುವುದಲ್ಲ. ಎದೆಗುಂದಿದವರು ಧೈರ್ಯ ತಂದುಕೊಳ್ಳುತ್ತಾರೆ, ಕಳೆಗುಂದಿದ ಮುಖಕ್ಕೆ ಕಳೆ ಬರುತ್ತದೆ. ರಾಕ್‌ವುಡ್ ಲೆಕ್ಕದ ಕುಂದಿಗೂ ಹೊಂದುತ್ತದೆ. ಹಾಗಾಗಿ ಮೂರು ಮೆಟ್ಟಿಲಿಗೆ ಹೀಗೆ ಯೋಚಿಸಿದ್ದೇನೆ: ಗಟ್ಟಿ ಇದ್ದಾರೆ, ತ್ರಾಣ ಕುಂದುತ್ತಿದೆ, ತ್ರಾಣ ಕುಂದಿದೆ. ನಾಮಪದ ಬೇಕೇ ಬೇಕು ಅನ್ನುವವರಿಗೆ ‘ತ್ರಾಣಗುಂದಿಕೆ’. ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ, ಬಾಯಲ್ಲಿ ಸ್ವಲ್ಪ ಕಲ್ಲು ಸಿಕ್ಕಿದ ಹಾಗಿದೆ. ಅಣ್ಣನ ಮಗಳ ತಕರಾರು ಬೇರೆ, ಕುಂದು ಅಂದರೆ ಜನ ಕುಂದುಕೊರತೆ ಸಭೆ ಅಂದುಕೊಳ್ಳಲ್ವಾ ಅಂತ. ಸದ್ಯಕ್ಕೆ ಹಾಳೆಯ ತಲೆಗೆ ಕುಂದೂ ಬೇಡ ಅಂತ ‘ಹಿರಿಯರ ತ್ರಾಣ ಹೇಗಿದೆ?’ ಅಂತಷ್ಟೇ ಹಾಕಿದ್ದೇವೆ. ಇದಕ್ಕೆ ಮುಖ ತಿರುಗಿಸಿದವರು ಇನ್ನೂ ಸಿಕ್ಕಿಲ್ಲ.

ಜೊತೆಗೆ ಇನ್ನೊಂದು ಹೆಣಗಾಟ, ‘ಹೆಲ್ದಿ ಏಜಿಂಗ್’. ಎಲ್ಲರೂ ‘ಆರೋಗ್ಯಕರ ವೃದ್ಧಾಪ್ಯ’ ಅಂತ ಬರೆಯುತ್ತಾರೆ. ವೃದ್ಧಾಪ್ಯ ಅಂದರೆ ಹಳ್ಳಿಯಲ್ಲಿ ವೃದ್ಧಾಪ್ಯ ವೇತನ, ಜನ ಆಧಾರ್ ಕಾರ್ಡ್ ಹಿಡಿದು ಬಂದುಬಿಡುತ್ತಾರೆ. ಅದೂ ಅಲ್ಲದೆ ವೃದ್ಧಾಪ್ಯ ಒಂದು ಘಟ್ಟ, ಏಜಿಂಗ್ ನಡೆಯುತ್ತಲೇ ಇರುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ 2015ರ ವರದಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದು ಕಾಯಿಲೆ ಇಲ್ಲ ಅನ್ನುವ ಅರ್ಥದಲ್ಲಿ ಅಲ್ಲ. ತನಗೆ ಮುಖ್ಯ ಅನ್ನಿಸಿದ್ದನ್ನು ಮಾಡುವ ಶಕ್ತಿ ಉಳಿಸಿಕೊಳ್ಳುವುದು ಅಂತ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದ್ದು ತಾನೇ ಸಂತೆಗೆ ಹೋಗಿ ಬರುವ ಅಜ್ಜಿ ಈ ಲೆಕ್ಕಕ್ಕೆ ಸೇರುತ್ತಾರೆ. ನಮ್ಮವರು ಇದನ್ನೇ ‘ಕೈಕಾಲು ಗಟ್ಟಿ ಇರೋದು’ ಅಂತಾರಲ್ಲ! ‘ಕೈಕಾಲು ಗಟ್ಟಿ ಇಟ್ಟುಕೊಂಡು ವಯಸ್ಸಾಗುವುದು’ ಅಂತ ಹಾಕಿದರೆ ಮಾರ್ಗದರ್ಶಕರು ನಗುತ್ತಾರಂತೆ. ನಗಲಿ ಬಿಡಿ.

ಪ್ರಶ್ನೆಗಳ ಕಥೆ ಹೇಳಹೊರಟರೆ ಮುಗಿಯಲ್ಲ, ಒಂದು ಮಾತ್ರ ಹೇಳುತ್ತೇನೆ. ಐದೇ ಪ್ರಶ್ನೆಯ ಒಂದು ಚಿಕ್ಕ ಪಟ್ಟಿ ಇದೆ. ಅದರಲ್ಲಿ ‘ಒಂದು ಬ್ಲಾಕ್ ದೂರ ನಡೆಯಲು ಆಗುತ್ತದೆಯೇ?’ ಅಂತ ಬರುತ್ತದೆ. ಅಮೆರಿಕದ ಪೇಟೆಯಲ್ಲಿ ಬ್ಲಾಕ್ ಅಂದರೆ ಒಂದು ರಸ್ತೆಯಿಂದ ಮುಂದಿನ ರಸ್ತೆಗೆ. ಇಲ್ಲಿ ಬ್ಲಾಕ್ ಅಂದರೆ ತೋಟದ ಬ್ಲಾಕ್. ಲೈನ್ ಮನೆಯ (ತೋಟದ ಕೆಲಸಗಾರರ ಸಾಲುಮನೆ) ಒಬ್ಬ ಹಿರಿಯಕ್ಕ ಗಂಭೀರವಾಗಿ ಕೇಳಿದರು, ‘ಯಾವ ಬ್ಲಾಕ್? ಕೆಳಗಿಂದಾದ್ರೆ ನಡೀತೀನಿ, ಮೇಲಿನ ಬ್ಲಾಕ್ ಏರು ಜಾಸ್ತಿ.’ ಅವರ ಉತ್ತರವೇ ಆ ಪ್ರಶ್ನೆಗಿಂತ ಚೆನ್ನಾಗಿದೆ, ಆದರೆ ಅದಕ್ಕೆ ಅಂಕ ಕೊಡುವ ಜಾಗ ಹಾಳೆಯಲ್ಲಿಲ್ಲ.

ನಿಮ್ಮಿಂದ ಬೇಕಾಗಿರುವುದು ಇಷ್ಟು. ನಿಮ್ಮೂರಲ್ಲಿ, ಕಾಯಿಲೆ ಬಿದ್ದಿಲ್ಲ, ಆದರೆ ಮೊದಲಿನ ಹಾಗಿಲ್ಲ, ಒಂದು ಪೆಟ್ಟು ತಡೆಯಲಾರರು ಅನ್ನುವಂಥ ಹಿರಿಯರನ್ನು ಏನಂತ ಹೇಳುತ್ತಾರೆ? ಅವರ ಎದುರಿಗೇ ಹೇಳಬಹುದಾದ ಪದ ಬೇಕು, ಬೆನ್ನ ಹಿಂದೆ ಹೇಳುವ ಪದಗಳು ನನ್ನ ಹತ್ತಿರವೇ ಬೇಕಾದಷ್ಟಿವೆ. ಕೊಡವ ತಕ್ಕ್, ಅರೆಭಾಷೆ, ತುಳು ಬಲ್ಲವರು ಆ ನುಡಿಗಳ ಪದವನ್ನೂ ಬರೆಯಿರಿ. ‘ತ್ರಾಣಗುಂದಿಕೆ’ಯನ್ನು ಬೈಯುವುದಿದ್ದರೆ ಬದಲಿ ಪದದ ಜೊತೆ ಬೈಯಿರಿ. ಕಾಫಿ ಕುಯ್ಲು ಶುರುವಾಗುವ ಮೊದಲು ಹಾಳೆ ಅಚ್ಚಾಗಬೇಕು. ಆಮೇಲೆ ಮನೆಯಲ್ಲಿ ಯಾರೂ ಸಿಗುವುದಿಲ್ಲ, ಆ ಬಿಂದಿಗೆ ಅಜ್ಜಿಯೂ ಸೇರಿ.