ಫ್ಲಾಸ್ಕಲ್ಲಿ ಬರೋ ಸೆಲ್ಯುಲೇಸ್ ಫರ್ಮೆಂಟರಲ್ಲಿ ಯಾಕ್ ಬರ್ತಿಲ್ಲ?

ಬೂಷ್ಟು_ಪ್ರೇಮಿ:
ನಮಸ್ಕಾರ ಎಲ್ರಿಗೂ. ಎಮ್ಮೆಸ್ಸಿ ಪ್ರಾಜೆಕ್ಟಿಗೆ ಟ್ರೈಕೋಡರ್ಮಾ ರೀಸೈ ಅನ್ನೋ ಬೂಷ್ಟಿನ ರಟ್ ಸಿ-30 ತಳಿ ಬೆಳೆಸಿ ಸೆಲ್ಯುಲೇಸ್ (ಹತ್ತಿ, ಕಾಗದದಲ್ಲಿರೋ ಸೆಲ್ಯುಲೋಸ್ ಒಡೆಯೋ ಎಂಜೈಮ್) ಮಾಡ್ತಿದೀನಿ. ಶೇಕ್ ಫ್ಲಾಸ್ಕಲ್ಲಿ ಆಕ್ಟಿವಿಟಿ ಚೆನ್ನಾಗೇ ಇದೆ, 5 ಲೀಟರ್ ಫರ್ಮೆಂಟರಿಗೆ (ಗಾಳಿ ಊದಿ ಕಲಕೋ ಟ್ಯಾಂಕು) ಹೋದ್ರೆ ಅದರ ಅರ್ಧನೂ ಬರಲ್ಲ. ಗ್ಲೂಕೋಸು ಲ್ಯಾಕ್ಟೋಸು ಎರಡೂ ಶುರುನಲ್ಲೇ ಒಟ್ಟಿಗೆ ಹಾಕ್ತೀನಿ, 28 ಡಿಗ್ರಿ, ಪಿಎಚ್ 5. ಎರಡನೇ ದಿನಕ್ಕೆ ಬ್ರಾತ್ (ಬೂಷ್ಟು ಬೆಳೆಯೋ ದ್ರವ) ರಾಗಿ ಅಂಬಲಿ ಥರ ಆಗಿ ಡಿಓ (ಕರಗಿರೋ ಆಕ್ಸಿಜನ್) ಸೊನ್ನೆಗೆ ಬೀಳತ್ತೆ, ಆರ್‌ಪಿಎಂ ಏರ್ಸಿದ್ರೆ ಡಿಓ ಮೇಲೆ ಬರತ್ತೆ ಎಂಜೈಮ್ ಮಾತ್ರ ಬರಲ್ಲ, ಜೊತೆಗೆ ನೊರೆ ಎಕ್ಸಾಸ್ಟ್ ಫಿಲ್ಟರ್ ತನಕ ಹತ್ತತ್ತೆ. ಗೈಡ್ ಕೇಳಿದ್ರೆ ಇನ್ನೂ ಏರ್ಸು ಅಂತಾರೆ. ಏನ್ ಮಾಡ್ಲಿ?

ಹಳೇ_ಫರ್ಮೆಂಟರ್:
ಆರ್‌ಪಿಎಂ ಆಮೇಲೆ ನೋಡೋಣ, ಮೊದಲು ಸಕ್ಕರೆ ಸರಿ ಮಾಡಿ. ಎರಡನೇ ಮಹಾಯುದ್ಧದ ಟೈಮಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕಾ ಸೈನ್ಯದ ಹತ್ತಿ ಕ್ಯಾನ್ವಾಸ್ ತಿಂದ್ಹಾಕ್ತಿದ್ದ ಬೂಷ್ಟಿನ ವಂಶ ಇದು, ತಿನ್ನೋಕೆ ಬಟ್ಟೆ ಬಿಟ್ಟು ಬೇರೇನೂ ಇಲ್ದಿದ್ದಾಗ ತಾನೇ ಸೆಲ್ಯುಲೇಸ್ ಬೇಕಾಗೋದು! ಗ್ಲೂಕೋಸ್ ಇರೋವರ್ಗೂ ಅದು ಮೈ ಬೆಳೆಸ್ಕೊಳತ್ತೆ ಅಷ್ಟೇ. ರಟ್ ಸಿ-30ನಲ್ಲಿ ಸಿಆರ್‌ಇ1 ಜೀನ್ ತುಂಡಾಗಿರೋದ್ರಿಂದ ಗ್ಲೂಕೋಸ್ ಸೆಲ್ಯುಲೇಸನ್ನ ತಡೆಯೋದು ಕಮ್ಮಿ, ನಿಜ, ಆದ್ರೂ ಇಂಡ್ಯೂಸರ್ (ಎಂಜೈಮ್ ಮಾಡು ಅಂತ ಪ್ರಚೋದಿಸೋ ವಸ್ತು, ಇಲ್ಲಿ ಲ್ಯಾಕ್ಟೋಸ್) ಬೇಕೇ ಬೇಕು. ಬ್ಯಾಚಲ್ಲಿ (ಶುರುನಲ್ಲಿ) ಗ್ಲೂಕೋಸ್ ಮಾತ್ರ ಸ್ವಲ್ಪ ಕೊಡಿ, ಅದು ಮುಗಿದ ತಕ್ಷಣ ಡಿಓ ದಿಢೀರ್ ಅಂತ ಮೇಲಕ್ಕೆ ಜಿಗಿಯತ್ತೆ, ಆವಾಗ ಲ್ಯಾಕ್ಟೋಸ್ ಫೀಡ್ ಶುರು ಮಾಡಿ, ಎಷ್ಟು ನಿಧಾನ ಅಂದ್ರೆ ಬ್ರಾತಲ್ಲಿ ಸಕ್ಕರೆ ಉಳೀಲೇಬಾರ್ದು. ಬೆಳವಣಿಗೆ ಮಿತಿಯಲ್ಲಿದ್ರೆ ಆಕ್ಸಿಜನ್ ಬೇಡಿಕೆನೂ ಮಿತಿಯಲ್ಲಿರತ್ತೆ. ಫೀಡ್ ಟೈಮಲ್ಲಿ 25 ಡಿಗ್ರಿಗೆ ಇಳಿಸಿದ್ರೆ ಇನ್ನೂ ಆರಾಮ. ಆಂಟಿಫೋಮ್ ಹನಿ ಲೆಕ್ಕದಲ್ಲಿ ಹಾಕಿ, ಜಾಸ್ತಿಯಾದ್ರೆ ಗುಳ್ಳೆಗಳು ಸೇರ್ಕೊಂಡು ದಪ್ಪ ಆಗಿ ಆಕ್ಸಿಜನ್ ಕರಗೋದೇ ಕಮ್ಮಿ ಆಗತ್ತೆ.

ಮೈಕ್ರೋ_ಮೈಸೂರು:
ಡಿಓ ಪ್ರೋಬ್ ಇಂಪೆಲ್ಲರ್ (ಕಲಕೋ ರೆಕ್ಕೆ) ಪಕ್ಕದಲ್ಲೇ ಇದ್ಯಾ? ಹಾಗಿದ್ರೆ ಅದರ ನಂಬರ್ ಪೂರ್ತಿ ನಂಬ್ಬೇಡಿ. ಈ ಬ್ರಾತ್ ತಿರುಗೋ ಕಡೆ ತೆಳ್ಳಗಾಗತ್ತೆ, ಗೋಡೆ ಹತ್ರ ಹಾಗೇ ಗಟ್ಟಿಯಾಗಿ ನಿಂತಿರತ್ತೆ, ಅಲ್ಲಿ ಗಾಳಿನೇ ಹೋಗಲ್ಲ. ಆರ್‌ಪಿಎಂ ಅತಿ ಮಾಡಿದ್ರೆ ಬೂಷ್ಟಿನ ಎಳೆಗಳು ಕತ್ತರಿಸ್ಕೊಂಡು ಹೋಗತ್ತೆ. ಇನ್ನೊಂದು, ಲ್ಯಾಕ್ಟೋಸ್ ಕೂಡ ರೆಡ್ಯೂಸಿಂಗ್ ಶುಗರ್ರೇ, ಡಿಎನ್ಎಸ್ (ರೆಡ್ಯೂಸಿಂಗ್ ಶುಗರ್ ಅಳೆಯೋ ರಾಸಾಯನಿಕ) ಹಾಕಿದ್ರೆ ಅದೂ ಬಣ್ಣ ಕೊಡತ್ತೆ. ಫಿಲ್ಟರ್ ಪೇಪರ್ ಅಸ್ಸೇನಲ್ಲಿ (ಎಂಜೈಮ್ ಪೇಪರಿಂದ ಬಿಡಿಸೋ ಸಕ್ಕರೆ ಅಳೆಯೋ ಟೆಸ್ಟು; ವಾಟ್ಮನ್ ನಂ. 1, 50 ಮಿಲಿಗ್ರಾಂ, 50 ಡಿಗ್ರಿ, 60 ನಿಮಿಷ) ಪೇಪರ್ ಹಾಕ್ದೆ ಬರೀ ಎಂಜೈಮಿನ ಬ್ಲಾಂಕ್ (ಲೆಕ್ಕದಿಂದ ಕಳೆಯೋಕೆ ಇಡೋ ಹೋಲಿಕೆ ಟ್ಯೂಬು) ಇಡ್ತೀರಾ ತಾನೆ? ಇಲ್ದಿದ್ರೆ ಫ್ಲಾಸ್ಕಿನ ಆ ‘ಚೆನ್ನಾಗಿರೋ’ ನಂಬರ್ ಮೇಲೇ ನಂಗೆ ಡೌಟು.

ಗೋಧಿ_ಬೂಸಾ:
ಇಷ್ಟೆಲ್ಲಾ ತಲೆನೋವ್ ಯಾಕ್ರೀ, ಟ್ರೇನಲ್ಲಿ ಬೂಸಾ ಹರಡಿ ಬೆಳೆಸಿ. ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಆ ಕೆಲಸ ಬೇಕಾದಷ್ಟು ಆಗಿದೆ.

ಹಳೇ_ಫರ್ಮೆಂಟರ್:
ಬೂಸಾ ಒಳ್ಳೇದೇ ಸರ್, ಪದರ ದಪ್ಪ ಆದ್ರೆ ಬಿಸಿ ಒಳಗೇ ಕೂತು ಬೂಷ್ಟು ಸಾಯತ್ತೆ. ಅಲ್ದೆ ಇವ್ರ ಪ್ರಾಜೆಕ್ಟೇ ಫರ್ಮೆಂಟರ್ ಮೇಲೆ.

ಬೂಷ್ಟು_ಪ್ರೇಮಿ:
ಬ್ಲಾಂಕ್ ಇಡ್ತೀನಿ ಮೇಡಂ. ಫೀಡ್ ಐಡಿಯಾ ಟ್ರೈ ಮಾಡ್ತೀನಿ. ಲ್ಯಾಕ್ಟೋಸ್ ಬದಲು ಪನೀರ್ ಮಾಡಿದ ನೀರು ಆಗತ್ತಾ, ಡೈರಿಯಿಂದ ಫ್ರೀಯಾಗಿ ಸಿಗತ್ತೆ?

ಹಳೇ_ಫರ್ಮೆಂಟರ್:
ಅದರಲ್ಲಿ ಲ್ಯಾಕ್ಟೋಸ್ 4-5 ಪರ್ಸೆಂಟ್ ಅಷ್ಟೇ, ಫೀಡ್ ಮಾಡ್ತಾ ಹೋದ್ರೆ ಟ್ಯಾಂಕ್ ನೀರಿಂದಲೇ ತುಂಬತ್ತೆ. ಆಟೋಕ್ಲೇವಲ್ಲಿ ಪ್ರೋಟೀನ್ ಒಡೆದು ಫೀಡ್ ಟ್ಯೂಬ್ ಬೇರೆ ಕಟ್ಕೊಳತ್ತೆ. ಮೊದಲು ಪ್ಯೂರ್ ಲ್ಯಾಕ್ಟೋಸಲ್ಲಿ ಒಂದ್ ರನ್ ತೆಗೀರಿ.